ದೇವಕ್ಕನ ಕ್ಲಬ್ಬಿನ ಎರಡು ತಾಟು

ಕಲ್ಲಯ್ಯನವರು ಬೆಂಚಿನಿಂದ ಜಾರಿ ಬಿದ್ದಾಗ ದೇವಕ್ಕನ ಕೈಯಲ್ಲಿ ಎರಡು ಲೋಟ ಕಾಫಿ ಇತ್ತು. ಎರಡೂ ನೆಲದ ಪಾಲಾದವು.

ಬೆಳಗಿನ ಎಂಟೂಕಾಲು. ಶಿರಸಿ ಮೋಟಾರು ಸ್ಟ್ಯಾಂಡಿನ ಎದುರು ಅವಳ ಕಾಫಿ ಕ್ಲಬ್ಬು. ಬಿದ್ದವರು ಬನವಾಸಿ ಕಡೆಯ ಹಿರಿಯರು, ಸುಳ್ಳು ಹೇಳಿದರೆ ನಾಲಿಗೆ ಬಿದ್ದೀತು ಅನ್ನುವ ಮನುಷ್ಯ. ಮುಖ ಕೆಂಪಗೆ, ಕಣ್ಣಿನ ಕರಿಗೊಂಬೆ ದೊಡ್ಡದಾಗಿ ಅರಳಿತ್ತು. ಬಾಯಲ್ಲಿ ಏನೇನೋ ಬಡಬಡಿಕೆ. ಎಡಗೈಯಲ್ಲಿ ಇಲ್ಲದ ತಂಬಿಗೆ ಬಗ್ಗಿಸುತ್ತಿದ್ದರು, ಬಲಗೈಯನ್ನು ಗರಗರ ತಿರುಗಿಸುತ್ತಿದ್ದರು, ಆಮೇಲೆ ಎರಡೂ ಕೈ ಎತ್ತಿ ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿದ್ದರು. ಮತ್ತೆ ಅದೇ. ಮತ್ತೆ ಅದೇ.

ಡಾಕ್ಟರರು ಬಂದು ನೋಡಿ ದತ್ತೂರಿ ಬೀಜದ ವಿಷ ಅಂದರು. ಜೀವಕ್ಕೆ ಭಯವಿಲ್ಲ, ಆದರೆ ಎರಡು ದಿನ ಮಾತು ನೆಟ್ಟಗಾಗದು ಎಂದು ಹೇಳಿ ಆಸ್ಪತ್ರೆಗೆ ಹೊರಿಸಿಕೊಂಡು ಹೋದರು. ಹಿಂದೆಯೇ ಪೊಲೀಸ್ ಠಾಣೆಯ ಫೌಜದಾರರು ಬಂದರು. ಕಲ್ಲಯ್ಯನವರ ಮುಂದಿದ್ದ ತಾಟನ್ನು ಬೆರಳಿನಿಂದ ಕೆದಕಿದರು. ಉಪ್ಪಿಟ್ಟಿನ ಅಗುಳು, ಕರಿಬೇವು, ಬಳಿದುಳಿದ ಚಟ್ನಿ. ಆ ಚಟ್ನಿಯೊಳಗೆ ನಾಲ್ಕಾರು ಚಪ್ಪಟೆ ಬೀಜ. ಮೆಣಸಿನ ಬೀಜ ಅಂದುಕೊಳ್ಳಬೇಕು, ಆದರೆ ಅಲ್ಲ, ದತ್ತೂರಿಯವು.

ಕ್ಲಬ್ಬಿಗೆ ಬೀಗ ಹಾಕಿ ಠಾಣೆಗೆ ನಡೆಯಬೇಕು ಎಂದು ಅವರು ದೇವಕ್ಕನಿಗೆ ಹೇಳಿಬಿಟ್ಟರು. ಗಂಡ ಸತ್ತ ಮೇಲೆ ಹತ್ತು ವರ್ಷ ಒಲೆಯ ಮುಂದೆ ಬೆಂದು ಕಟ್ಟಿದ ಕ್ಲಬ್ಬು. ವಿಷ ಇಟ್ಟವಳು ಅನ್ನಿಸಿಕೊಂಡರೆ ನಾಳೆಯಿಂದ ಅವಳ ಕೈಯ ನೀರನ್ನೂ ಯಾರು ಮುಟ್ಟುತ್ತಾರೆ?

ಫೌಜದಾರರಿಗೆ ಇನ್ನೊಬ್ಬನ ಮೇಲೂ ಕಣ್ಣಿತ್ತು. ಎದುರು ಬೆಂಚಿನ ದ್ಯಾಮಪ್ಪ. ಅವನಿಗೂ ದೇವಕ್ಕನ ತಮ್ಮ ಮಧುಕೇಶ್ವರನಿಗೂ ಗದ್ದೆಯ ಗಡಿಕಲ್ಲಿನ ವ್ಯಾಜ್ಯ. ಅವತ್ತೇ ಹನ್ನೊಂದಕ್ಕೆ ಕೋರ್ಟು, ಕಲ್ಲಯ್ಯನವರದೇ ಸಾಕ್ಷಿ. ಅವರು ಮಧುಕೇಶ್ವರನ ಕಡೆಗೆ ಹೇಳುತ್ತಾರೆಂದು ಊರೆಲ್ಲ ನಂಬಿತ್ತು. ಸಾಲದ್ದಕ್ಕೆ ದ್ಯಾಮಪ್ಪನೇ ಎದ್ದು ಚಟ್ನಿ ಬಟ್ಟಲನ್ನು ಕಲ್ಲಯ್ಯನವರ ಬೆಂಚಿಗೆ ದಾಟಿಸಿದ್ದ.

"ಇವನೇ ಹಾಕ್ಯಾನ್ರಿ ಸಾಹೇಬ್ರ," ಅಂದ ಕಲ್ಲಯ್ಯನವರ ಪಕ್ಕದಲ್ಲೇ ಕೂತು ತಿಂಡಿ ತಿಂದಿದ್ದ ಮಧುಕೇಶ್ವರ. "ಪಾಪ, ನಮ್ಮಕ್ಕಗ ಏನೂ ಗೊತ್ತಿಲ್ಲ."

ದ್ಯಾಮಪ್ಪ ಬೆಂಚಿನಿಂದ ಎದ್ದು ನಿಂತ.

ಮೂಲೆಯ ಬೆಂಚಿನಲ್ಲಿ ಪೇಪರು ಮಡಚಿದ ಸದ್ದಾಯಿತು. ಮಡಿವಾಳಪ್ಪ. ಮುಂಬೈ ಸರಕಾರದ ಕಾಲದ ಪೊಲೀಸ್ ಜಮಾದಾರ, ಮೈಸೂರು ಸರಕಾರ ಬಂದ ವರ್ಷ ಪೆನ್ಶನ್ ಆದವನು. ದಿನಾ ಎರಡು ಕಾಫಿ ಕುಡಿದು, ಎರಡಕ್ಕೂ ಹೆಸರಿಟ್ಟೇ ಹೋಗುವ ಆಸಾಮಿ. ಅವನು ಎದ್ದು ಬಂದು ಫೌಜದಾರರಿಗೆ ಸಲಾಮು ಹೊಡೆದು, ಎರಡು ಮಾತು ಕೇಳಲೇ ಅಂದ.

"ದೇವಕ್ಕ, ಅಯ್ಯನೋರಿಗೆ ತಿಂಡಿ ಕೊಟ್ಟು ಎಷ್ಟೊತ್ತಾಗಿತ್ತು?"

"ಕಾಲು ತಾಸೂ ಆಗಿರಲಿಲ್ರಿ. ಎಂಟರ ಸುಮಾರಿಗೆ ಬಸ್ಸಿಳಿದು ಬಂದಿದ್ರು."

"ದತ್ತೂರಿ ತಲೆಗೇರಾಕ ಅರ್ಧ ತಾಸಾದ್ರೂ ಬೇಕು. ಅಂದ್ರ ಇಲ್ಲಿಗೆ ಬರೂದಕ್ಕಿಂತ ಮೊದಲೇ ಹೊಟ್ಟಿ ಸೇರೇತಿ. ಬಸ್ಸಿನಾಗ ಅವರ ಜೋಡಿ ಯಾರಿದ್ರು?"

ದ್ಯಾಮಪ್ಪ ಹಿಂದಿನ ದಿನವೇ ಶಿರಸಿಗೆ ಬಂದು ನೆಂಟರ ಮನೆಯಲ್ಲಿ ಉಳಿದಿದ್ದ. ಬಸ್ಸಿನಲ್ಲಿ ಕಲ್ಲಯ್ಯನವರ ಪಕ್ಕ ಕೂತು ಬಂದವನು ಮಧುಕೇಶ್ವರ. ಕಲ್ಲಯ್ಯನವರಿಗೆ ಕೆಮ್ಮು, ದಾರಿಯಲ್ಲಿ ಶುಂಠಿ ಕಷಾಯ ಕುಡಿಸಿದೆ ಎಂದು ಅವನೇ ಬಂದ ಕೂಡಲೆ ಅಕ್ಕನಿಗೆ ಹೇಳಿದ್ದ. ಎಷ್ಟು ಕಾಳಜಿ ಇವನಿಗೆ ಅಂತ ಅವಳು ಹಿಗ್ಗಿದ್ದಳು. ಈಗ ಆ ಕಷಾಯದಲ್ಲಿ ಏನಿತ್ತೆಂದು ಅವಳು ತಮ್ಮನ ಕಡೆ ನೋಡಿದಳು.

"ಹಂಗಾದ್ರ ಇಲ್ಲಿಯ ಬೀಜ?" ಫೌಜದಾರರು ತಾಟು ತೋರಿಸಿದರು.

"ಅದನ್ನ ಅಯ್ಯನೋರ ಕೈನೇ ಹೇಳಾಕತ್ತಿತ್ತು ಸಾಹೇಬ್ರ. ನಾವ್ಯಾರೂ ನೋಡಲಿಲ್ಲ," ಅಂದ ಮಡಿವಾಳಪ್ಪ. "ಹುಚ್ಚಿನಾಗೂ ಬಿಡದ ರೂಢಿ. ದೇವಕ್ಕ, ಅಯ್ಯನೋರು ಉಂಡ ಮ್ಯಾಲೆ ಏನು ಮಾಡ್ತಾರ?"

ದೇವಕ್ಕ ಬೆಂಚಿನ ಮೇಲಿನ ಎರಡೂ ತಾಟು ನೋಡಿದಳು. ಕಲ್ಲಯ್ಯನವರು ತಿಂಡಿ ಮುಗಿಸಿ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೇ ಕುಡಿಯುವವರು. ಅವರಿಗೆ ಅನ್ನವೆಲ್ಲ ಪ್ರಸಾದ, ಒಂದು ಅಗುಳೂ ಹಾಳಾಗಬಾರದು. ಅವರ ತಾಟು ತೊಳೆಯುವ ಕೆಲಸವೇ ತನಗಿಲ್ಲ ಎಂದು ಅವಳು ಎಷ್ಟು ಸಲ ನಕ್ಕಿಲ್ಲ.

ಈಗ ಅವರ ಮುಂದೆ ಚಟ್ನಿ ಬಳಿದ ತಾಟು. ಫಳಫಳ ಹೊಳೆಯುವ ತಾಟು ಇದ್ದದ್ದು ಮಧುಕೇಶ್ವರನ ಮುಂದೆ.

"ಅಯ್ಯನೋರು ತಿಂದು, ತೊಳೆದು, ಕುಡಿದು ಮುಗಿಸಿದ್ರು," ಮಡಿವಾಳಪ್ಪ ಹೇಳಿದ. "ದ್ಯಾಮಪ್ಪನ ಮ್ಯಾಲೆ ಹಾಕಬೇಕಂದ್ರ ಬೀಜ ತಾಟಿನಾಗ ಸಿಗಬೇಕು. ತೊಳೆದ ತಾಟಿನಾಗ ಬೀಜ ಎಲ್ಲಿ ನಿಲ್ತದ? ಅದಕ್ಕ ಮಧುಕೇಶ್ವರ ತನ್ನ ಎಂಜಲ ತಾಟಿಗೆ ಬೀಜ ಉದುರಿಸಿ ಅವರ ಮುಂದ ಸರಿಸ್ಯಾನ, ಅವರದನ್ನ ತಾ ಎಳಕೊಂಡಾನ. ಅಷ್ಟೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಅಕ್ಕ ಕಾಫಿ ತರಾಕ ಒಳಗಿದ್ಲು, ದ್ಯಾಮಪ್ಪ ಕೈ ತೊಳೆಯಾಕ ಎದ್ದಿದ್ದ. ನಾ ಪೇಪರಿನಾಗ ಮುಖ ಹುಗಿಸಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ್ಲಿ."

ಮಧುಕೇಶ್ವರ ನಕ್ಕ. ಎರಡೂ ಹಿತ್ತಾಳೆ ತಾಟು, ಒಂದೇ ಅಳತೆ, ಯಾವುದು ಯಾರದೆಂದು ಹೇಳುವವರು ಯಾರು ಎಂದು ಕೇಳಿದ. ಇವತ್ತು ತಾನೂ ತೊಳೆದು ಕುಡಿದೆ ಅಂದ.

ಫೌಜದಾರರು ಮಡಿವಾಳಪ್ಪನ ಮುಖ ನೋಡಿದರು. ಮಡಿವಾಳಪ್ಪ ದೇವಕ್ಕನ ಮುಖ ನೋಡಿದ.

ಉತ್ತರ ಇದ್ದದ್ದು ಅವಳೊಬ್ಬಳ ಹತ್ತಿರ. ತಾಯಿ ಸತ್ತಾಗ ಮಧುಕೇಶ್ವರನಿಗೆ ನಾಲ್ಕು ವರ್ಷ. ಅವ್ವನ ತಾಟಿನಲ್ಲಿ ಕಲಸಿ ಕಲಸಿ ಉಣ್ಣಿಸಿ ದೊಡ್ಡವನನ್ನು ಮಾಡಿದ್ದಳು. ಕ್ಲಬ್ಬಿಗೆ ಅವನು ಬಂದ ದಿನವೆಲ್ಲ ಅದೇ ತಾಟಿನಲ್ಲಿ ಬಡಿಸುತ್ತಿದ್ದಳು, ಇವತ್ತೂ ಅದರಲ್ಲೇ ಬಡಿಸಿದ್ದಳು. ಅಷ್ಟು ವರ್ಷ ಅದರಲ್ಲಿ ಉಂಡವನು ಒಂದು ದಿನವಾದರೂ ಅದನ್ನು ಮಗುಚಿ ನೋಡಿರಲಿಲ್ಲ. ಮಗುಚಿ ತಿಕ್ಕುವವಳು ಅವಳಲ್ಲವೇ?

ಕಾಫಿ ತರಲು ಅವಳು ಒಳಗೆ ಹೊರಟಾಗ ಕಲ್ಲಯ್ಯನವರು ಮೆಲ್ಲಗೆ ಆಡಿದ ಮಾತು ಈಗ ನೆನಪಾಯಿತು: "ದೇವಕ್ಕ, ಕಂಡದ್ದನ್ನ ಕಂಡಂಗ ಹೇಳಬೇಕು ನಾನು. ಇವತ್ತು ನಿನ್ನ ಮನಸ್ಸು ನೋಯ್ತದ, ಸಿಟ್ಟಾಗಬ್ಯಾಡವ್ವ." ಆಗ ಅರ್ಥವಾಗಿರಲಿಲ್ಲ. ಗಡಿಕಲ್ಲು ಕಿತ್ತು ಸರಿಸಿದವನು ದ್ಯಾಮಪ್ಪನಲ್ಲ.

ಸುಮ್ಮನಿದ್ದರೆ ತಮ್ಮ ಉಳಿಯುತ್ತಾನೆ. ದ್ಯಾಮಪ್ಪ ಜೈಲಿಗೆ. ಅವಳ ಒಲೆಗೆ ನೀರು.

ದೇವಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬೀಜಗಳನ್ನು ತೆಗೆದು ಒಂದು ಕಾಗದದ ಮೇಲೆ ಇಟ್ಟಳು. ಆ ಎಂಜಲ ತಾಟನ್ನು ಎತ್ತಿ ಫೌಜದಾರರ ಕಣ್ಣೆದುರು ಮಗುಚಿದಳು. ತಳದಲ್ಲಿ ಚುಕ್ಕಿ ಚುಕ್ಕಿ ಹೊಡೆದು ಬರೆಸಿದ ಹೆಸರು: ಗುರುಶಾಂತವ್ವ.

"ನಮ್ಮವ್ವನ ಹೆಸರ್ರಿ ಅದು," ಅಂದಳು. "ಇದರಾಗ ನಾ ಬಡಿಸೋದು ಇವನೊಬ್ಬಗ."

ಮಧುಕೇಶ್ವರ ಕುಸಿದು ಕೂತ. ನಿನಗೇನೂ ಆಗುತ್ತಿರಲಿಲ್ಲ ಅಕ್ಕ, ಎಲ್ಲಾ ದ್ಯಾಮಪ್ಪನ ಮೇಲೇ ಹೋಗುತ್ತಿತ್ತು ಎಂದು ಗೊಣಗಿದ. ಅವಳು ಅವನ ಕಡೆ ತಿರುಗಲಿಲ್ಲ. ತಿರುಗಿದರೆ ಅತ್ತುಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

ಅವನನ್ನು ಕರೆದುಕೊಂಡು ಹೋಗುವ ಮೊದಲು ಪೊಲೀಸರು ತಾಟನ್ನು ಕಾಗದದಲ್ಲಿ ಸುತ್ತಿದರು. ರೂಢಿಯಂತೆ ದೇವಕ್ಕನ ಕೈ ತೊಳೆಯಲೆಂದು ತಂಬಿಗೆಗೆ ಹೋಯಿತು. ತೊಳೆಯಬೇಡ, ಹಾಗೇ ಇರಬೇಕು ಎಂದರು ಫೌಜದಾರರು. ಅವ್ವನ ತಾಟು ಎಂಜಲಾಗಿಯೇ ಹೊಸ್ತಿಲು ದಾಟಿತು.