ಮುಚ್ಚಿದ್ದು ಒಂದೇ ಬಾಗಿಲು

ಹನ್ನೆರಡನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ಒಬ್ಬ ತಾಯಿ ಠಾಣೆಗೆ ಬಂದು, ತನ್ನ ಮಗಳು ತಾನಾಗಿ ನೀರಿಗೆ ಹಾರಿಲ್ಲವೆಂದು ಬರೆದುಕೊಳ್ಳಿ ಎಂದಳು. ಠಾಣೆಯ ರೈಟರ್ ಆಗಲೇ ಬೇರೆ ಥರ ಬರೆದು ಮುಗಿಸಿದ್ದ. ಮೂರು ದಿನದ ಹಿಂದೆ ನೀರು ಶುದ್ಧೀಕರಣ ಘಟಕದ ತೊಟ್ಟಿಯಲ್ಲಿ ಅಲ್ಲಿನ ಲ್ಯಾಬಿನ ಹುಡುಗಿಯ ಶವ ಸಿಕ್ಕಿತ್ತು. ಅಸ್ವಾಭಾವಿಕ ಮರಣವೆಂದು ದಾಖಲಾಗಿತ್ತು. ಹುಡುಗಿ ಕೆಲವು ದಿನಗಳಿಂದ ಮಂಕಾಗಿದ್ದಳೆಂದು ಘಟಕದ ಮೇಲ್ವಿಚಾರಕ ಹೇಳಿಕೆ ಕೊಟ್ಟಿದ್ದ. ಮಂಕಾದವರೆಲ್ಲ ನೀರಿಗೆ ಹಾರುವುದಾದರೆ ಈ ಠಾಣೆಯಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ ಎಂದು ಇನ್ಸ್‌ಪೆಕ್ಟರ್‌ಗೆ ಆವತ್ತೇ ಅನ್ನಿಸಿತ್ತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಆಕೆಯ ಮುಖ ನೋಡಲು ಅವನಿಗೆ ಮುಜುಗರವಾಯಿತು.

"ಕೂತ್ಕೊಳ್ಳಿ ಅಮ್ಮ. ಮನೇಲಿ ಏನಾದ್ರೂ ಜಗಳ?"

"ಮದುವೆ ಆಗು ಅಂತ ನಾನು, ಬೇಡ ಅಂತ ಅವಳು. ದಿನಾ ಕಿತ್ತಾಡ್ತಿದ್ವಿ, ದಿನಾ ಒಟ್ಟಿಗೆ ಕೂತು ಊಟ ಮಾಡ್ತಿದ್ವಿ. ಅದಕ್ಕೆಲ್ಲ ಸಾಯ್ತಾರಾ ಸಾರ್?"

"ಮಂಕಾಗಿದ್ಲಂತೆ."

"ಆ ವಾರ ಅವಳ ಕಂಪ್ಯೂಟರ್ ಕೈ ಕೊಟ್ಟಿತ್ತು. ಕನೆಕ್ಷನ್ ಸಿಗ್ತಾ ಇಲ್ಲ, ಸಿಗ್ತಾ ಇಲ್ಲ ಅಂತ ತಲೆ ಚಚ್ಕೊಳ್ತಿದ್ಲು. ಶನಿವಾರ ರಿಪೇರಿ ಮಾಡಿಸ್ಕೊಂಡು ಬಂದ್ಲು. ಬಂದು ಹಾಡು ಹೇಳ್ಕೊಂಡು ಪಾತ್ರೆ ತೊಳೆದ್ಲು. ಭಾನುವಾರ ಡ್ಯೂಟಿಗೆ ಹೋದೋಳು ಬರ್ಲೇ ಇಲ್ಲ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡೂ ಕಣ್ಣಿಗೆ ಈಚೆಗೆ ಆಪರೇಷನ್ ಆಗಿತ್ತು, ಒರೆಸುವುದಕ್ಕೂ ಹೆದರುತ್ತಿದ್ದಳು. "ಪುಟ್ಟಿ ನನ್ನ ಬಿಟ್ಟು ತಾನಾಗಿ ಹೋದ್ಲು ಅಂತ ನೀವು ಬರೆದ್ರೆ, ನಾನು ಉಳಿದಿರೋ ದಿನಾನೆಲ್ಲ ಅದನ್ನೇ ಯೋಚಿಸ್ತಾ ಕಳೀಬೇಕು. ಅದೊಂದು ಗೊತ್ತಾಗ್ಬೇಕು ನಂಗೆ."

ಮರಣೋತ್ತರ ಪರೀಕ್ಷೆಯ ವರದಿ ಬೆಳಿಗ್ಗೆಯ ಟಪಾಲಿನಲ್ಲಿ ಬಂದು ಮೇಜಿನ ಮೇಲಿತ್ತು. ಇನ್ಸ್‌ಪೆಕ್ಟರ್ ಲಕೋಟೆ ಹರಿದು ಓದಿದ. ಸಾವು ನೀರಿನಲ್ಲಿ ಮುಳುಗಿದ್ದರಿಂದ. ಬಲತೋಳಿನ ಮೇಲೆ ಯಾರೋ ಬಿಗಿಯಾಗಿ ಹಿಡಿದ ನಾಲ್ಕು ಬೆರಳ ಗುರುತು. ಹತ್ತೂ ಬೆರಳ ತುದಿಯ ಚರ್ಮ ತರಚಿಹೋಗಿದೆ, ಮೂರು ಉಗುರು ಕಿತ್ತಿವೆ. ಅವನು ಕಾಗದ ಮಡಚಿ ಒಳಜೇಬಿಗೆ ಹಾಕಿಕೊಂಡ. ಅರ್ಧ ಗಂಟೆಯೊಳಗೆ ಕೊಲೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪಂಚರನ್ನು ಕರೆದುಕೊಂಡು ತೊಟ್ಟಿಯ ಬಳಿ ಹೋದರು. ತೊಟ್ಟಿ ಘಟಕದ ಕೊನೆಯ ಮೂಲೆಯಲ್ಲಿತ್ತು. ಪಕ್ಕದ ಪಂಪುಗಳ ಗದ್ದಲಕ್ಕೆ ಅಲ್ಲಿ ಕಿವಿಯ ಹತ್ತಿರ ಕೂಗದೆ ಮಾತು ಕೇಳಿಸುತ್ತಿರಲಿಲ್ಲ. ಮೇಲೆ ಕಬ್ಬಿಣದ ಕಿರುದಾರಿ, ಸೊಂಟದೆತ್ತರದ ಕಟಕಟೆ. ಠಾಣೆಯಲ್ಲೆಲ್ಲ ಉದ್ದಣ್ಣ ಎಂದೇ ಹೆಸರಾದ ಹೆಡ್ ಕಾನ್‌ಸ್ಟೆಬಲ್ ಅಂಚಿನ ಮೇಲೆ ಬೋರಲು ಮಲಗಿ ಕೈ ಇಳಿಬಿಟ್ಟ. ಅವನ ಕೈಗೂ ನೀರು ಎಟಕಲಿಲ್ಲ.

"ನಂಗೇ ಎಟಕಲ್ಲ ಅಂದ್ರೆ, ಕೆಳಗಿದ್ದೋರಿಗೆ ಮೇಲೆ ಹೇಗೆ ಎಟಕತ್ತೆ ಸಾರ್?"

"ಗೋಡೆ ನೋಡು."

ಪಾಚಿ ಹಿಡಿದ ಗೋಡೆಯ ಮೇಲೆ ಬೆರಳೆಳೆದ ಗೆರೆಗಳಿದ್ದವು. ಒಂದೇ ಕಡೆಯಲ್ಲ, ಗೋಡೆಯುದ್ದಕ್ಕೂ ಇದ್ದವು. ಉದ್ದಣ್ಣ ಎದ್ದು ನಿಂತು ಅಂಗಿ ಒರೆಸಿಕೊಂಡ, ಆಮೇಲೆ ಪಂಚನಾಮೆ ಮುಗಿಯುವ ತನಕ ತಮಾಷೆ ಮಾಡಲಿಲ್ಲ.

ಹುಡುಗಿಯ ಲ್ಯಾಪ್‌ಟಾಪ್ ಘಟಕದ ಕ್ವಾರ್ಟರ್ಸಿನ ಅವಳ ಮನೆಯಲ್ಲೇ ಇತ್ತು. ಸೈಬರ್ ವಿಭಾಗದಿಂದ ಬಂದ ಸಬ್ ಇನ್ಸ್‌ಪೆಕ್ಟರ್ ಅದನ್ನು ಆ ಮನೆಯ ಊಟದ ಮೇಜಿನ ಮೇಲೆಯೇ ತೆರೆದಳು. ತಾಯಿ ಎದುರಿಗೆ ಕೂತಿದ್ದಳು.

"ಕ್ವಾರ್ಟರ್ಸಿಗೆ ಇಂಟರ್‌ನೆಟ್ ಬರೋದು ಘಟಕದ ಆಫೀಸಿಂದ," ಎಂದಳು ಸಬ್ ಇನ್ಸ್‌ಪೆಕ್ಟರ್. "ಯಾರು ಯಾರ ಜೊತೆ ಮಾತಾಡ್ತಿದಾರೆ ಅಂತ ನಡುವೆ ಇರೋರಿಗೆ ಗೊತ್ತಾಗದ ಹಾಗೆ ಮಾಡೋ ಒಂದು ಜಾಲ ಇದೆ. ಆಫೀಸಿನೋರು ಅದನ್ನ ತಡೆದಿದಾರೆ. ಈ ಹುಡುಗಿ ಅದಕ್ಕೆ ಸೇತುವೆ ಇಟ್ಕೊಂಡಿದ್ಲು."

"ಸೇತುವೆ ಅಂದ್ರೆ?" ಇನ್ಸ್‌ಪೆಕ್ಟರ್ ಕೇಳಿದ.

"ಯಾರೋ ತಮ್ಮ ಸ್ವಂತ ಕಂಪ್ಯೂಟರ್‌ನ ಹಗಲೂ ರಾತ್ರಿ ಹಾಕಿಟ್ಟಿರ್ತಾರೆ. ಅದರ ವಿಳಾಸ ಎಲ್ಲೂ ಪಟ್ಟಿಯಾಗಿರಲ್ಲ, ಅದಕ್ಕೇ ತಡೆಯೋರ ಕಣ್ಣಿಗೆ ಬೀಳಲ್ಲ. ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಜಾಲಕ್ಕೆ ಹೋಗೋದು."

ಅವಳು ಒತ್ತಿದ ಕೂಡಲೇ ಕನೆಕ್ಷನ್ ಸಿಕ್ಕಿತು. ಹಾಗಾದರೆ ವಾರವಿಡೀ ಸಿಗದೆ ಇದ್ದದ್ದು ಏಕೆ? ಸಬ್ ಇನ್ಸ್‌ಪೆಕ್ಟರ್ ಒಂದೊಂದನ್ನೇ ನೋಡುತ್ತ ಹೋದಳು. ಸೇತುವೆಯ ವಿಳಾಸ ಬದಲಾಗಿಲ್ಲ. ಸಾಫ್ಟ್‌ವೇರ್ ಹಾಕಿದ್ದು ಏಳು ತಿಂಗಳ ಹಿಂದೆ, ಅಲ್ಲಿಂದೀಚೆಗೆ ಯಾವ ಸೆಟ್ಟಿಂಗನ್ನೂ ಯಾರೂ ಮುಟ್ಟಿಲ್ಲ. ಆಫೀಸಿನವರು ಹೊಸದಾಗಿ ಏನನ್ನೂ ತಡೆದಿಲ್ಲ. ರಿಪೇರಿಯವನು ಏನು ರಿಪೇರಿ ಮಾಡಿದನೆಂಬುದು ಇಬ್ಬರಿಗೂ ತಿಳಿಯಲಿಲ್ಲ.

ಲ್ಯಾಪ್‌ಟಾಪಿನಲ್ಲಿ ನೀರಿನ ಪರೀಕ್ಷೆಯ ಫೋಟೋಗಳಿದ್ದವು. ನೀರಿಗೆ ಕ್ಲೋರಿನ್ ಬೆರೆಸುವ ಯಂತ್ರ ಎರಡು ತಿಂಗಳಿಂದ ಕೆಟ್ಟಿತ್ತು. ಲ್ಯಾಬಿನಲ್ಲಿ ಬಂದ ಫಲಿತಾಂಶ ಒಂದು, ಮೇಲ್ವಿಚಾರಕ ಸಹಿ ಹಾಕಿ ಕಳಿಸಿದ್ದು ಇನ್ನೊಂದು. ಹುಡುಗಿ ಎರಡರ ಫೋಟೋವನ್ನೂ ಅಕ್ಕಪಕ್ಕ ಇಟ್ಟಿದ್ದಳು. ಅವುಗಳಲ್ಲಿ ಕೆಲವು ಒಂದು ವಾರಪತ್ರಿಕೆಯಲ್ಲಿ ಅಚ್ಚಾಗಿ ಊರೆಲ್ಲ ಗುಲ್ಲೆದ್ದಿತ್ತು. ಆಸ್ಪತ್ರೆಯಲ್ಲಿ ವಾಂತಿಭೇದಿಯಿಂದ ಮಲಗಿದ್ದ ಮಕ್ಕಳ ಲೆಕ್ಕವೂ ಅದರ ಜೊತೆಗೇ ಬಂದಿತ್ತು.

ವಾರಪತ್ರಿಕೆಯ ಸಂಪಾದಕ ಮೊದಲು ಬಾಯಿ ಬಿಡಲಿಲ್ಲ. ಸುದ್ದಿ ಕೊಟ್ಟವರ ಹೆಸರು ಹೇಳುವುದಿಲ್ಲವೆಂದು ಕೈ ಕಟ್ಟಿ ಕೂತ. ಇನ್ಸ್‌ಪೆಕ್ಟರ್ ಹೆಸರು ಕೇಳಲಿಲ್ಲ. ತೊಟ್ಟಿಯ ಗೋಡೆಯ ಫೋಟೋ ತೆಗೆದು ಅವನ ಮುಂದಿಟ್ಟ.

ಸಂಪಾದಕ ಅದನ್ನು ನೋಡಿ ಕನ್ನಡಕ ತೆಗೆದಿಟ್ಟ. "ನಾನೇ ಕಳಿಸಿದ್ದು ಅವಳನ್ನ."

"ಎಲ್ಲಿಗೆ?"

"ಸೇತುವೆ ನೋಡ್ಕೊಳ್ಳೋನ ಹತ್ರ. ನಮ್ಮ ಪತ್ರಿಕೆಗೆ ಬರೆಯೋರಿಗೋಸ್ಕರ ಅವನು ಪುಕ್ಕಟೆ ನಡೆಸ್ತಿದ್ದ. ಪೇಟೇಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಸುದ್ದಿ ಕೊಡೋರು ಯಾರು ಅಂತ ಅವನಿಗೆ ಗೊತ್ತಾಗಬಾರದು, ಅವನು ಯಾರು ಅಂತ ಅವರಿಗೆ ಗೊತ್ತಾಗಬಾರದು. ಮಾತೆಲ್ಲ ನನ್ನ ಮೂಲಕವೇ ಆಗ್ಬೇಕು. ಆ ನಿಯಮ ಮಾಡಿದೋನೂ ಅವನೇ."

"ಮತ್ತೆ ಯಾಕೆ ಮುರಿದ್ರಿ?"

"ಕನೆಕ್ಷನ್ ಇಲ್ಲ ಅಂತ ಅವಳು ಒಂದೇ ಸಮ ಕೇಳ್ತಿದ್ಲು. ಇನ್ನೂ ಫೋಟೋ ಕಳಿಸೋದಿತ್ತು. ಅವನನ್ನ ಕೇಳಿದ್ರೆ, ನನ್ನ ಕಡೆ ಎಲ್ಲ ಸರಿ ಇದೆ, ಉಳಿದೋರಿಗೆಲ್ಲ ಬರ್ತಿದೆ, ಅವರ ಲ್ಯಾಪ್‌ಟಾಪಲ್ಲೇ ಏನೋ ಆಗಿದೆ, ಯಾವ್ದಾದ್ರೂ ಅಂಗಡೀಲಿ ತೋರಿಸ್ಲಿ ಅಂದ. ಆ ಲ್ಯಾಪ್‌ಟಾಪನ್ನ ಕಂಡ ಕಂಡೋರ ಕೈಗೆ ಕೊಡೋಕಾಗತ್ತಾ? ನಂಬಿಕಸ್ಥ ಅಂತ ನಂಗೆ ಗೊತ್ತಿದ್ದೋನು ಅವನೊಬ್ಬನೇ."

ಪೇಟೆಯ ಅಂಗಡಿ ಚೊಕ್ಕಟವಾಗಿತ್ತು. ಬಿಚ್ಚಿದ ಯಂತ್ರಗಳ ತಿರುಪುಗಳನ್ನು ಒಂದೊಂದು ಬಟ್ಟಲಿನಲ್ಲಿ ಬೇರೆ ಬೇರೆಯಾಗಿ ಇಟ್ಟಿದ್ದ. ರಿಪೇರಿಯವನು ಮೂವತ್ತೈದರ ಆಸುಪಾಸಿನ ಮೆದುಮಾತಿನ ಮನುಷ್ಯ. ಪೊಲೀಸರಿಗೆ ಕುರ್ಚಿ ಹಾಕಿ, ತಾನು ನಿಂತೇ ಇದ್ದ.

"ಶನಿವಾರ ಒಬ್ಬ ಹುಡುಗಿ ಬಂದಿದ್ಲಾ?"

"ಬಂದಿದ್ರು. ಪೇಪರ್ ನೋಡಿ ಎದೆ ಧಸಕ್ ಅಂತು ಸಾರ್."

"ಲ್ಯಾಪ್‌ಟಾಪಿಗೆ ಏನಾಗಿತ್ತು?"

"ಗಡಿಯಾರ ತಪ್ಪಿತ್ತು. ಒಂದು ದಿನ ಹಿಂದೆ ಬಿದ್ದಿತ್ತು. ಸಮಯ ತಪ್ಪಿದ್ರೆ ಆ ಜಾಲ ಒಳಗೇ ಬಿಡಲ್ಲ. ಸರಿ ಮಾಡ್ಕೊಟ್ಟೆ."

ಅದು ನಿಜವೇ ಎಂದು ಇನ್ಸ್‌ಪೆಕ್ಟರ್ ಹೊರಗೆ ಬಂದು ಸಬ್ ಇನ್ಸ್‌ಪೆಕ್ಟರನ್ನು ಕೇಳಿದ. ಸಮಯ ತಪ್ಪಿದರೆ ಕನೆಕ್ಷನ್ ಸಿಗದಿರುವುದು ನಿಜ ಎಂದಳು ಅವಳು. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಕೇಳಿದ ಪ್ರಶ್ನೆಗೆ ಇಷ್ಟು ಸಲೀಸಾಗಿ ಉತ್ತರ ಬಂದರೆ ಇನ್ಸ್‌ಪೆಕ್ಟರ್‌ಗೆ ಮೊದಲಿನಿಂದಲೂ ತಿಂದದ್ದು ಅರಗುತ್ತಿರಲಿಲ್ಲ. ಅವನು ಮತ್ತೆ ಕ್ವಾರ್ಟರ್ಸಿಗೆ ಹೋದ.

"ಅಮ್ಮ, ಆ ವಾರ ಲ್ಯಾಪ್‌ಟಾಪಿನ ಟೈಮ್ ತಪ್ಪಿತ್ತಾ?"

"ನಂಗೇನು ಗೊತ್ತಾಗತ್ತೆ ಸಾರ್, ಕಣ್ಣೇ ಮಸುಕು."

ಅಷ್ಟರಲ್ಲಿ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಟಿಣ್ ಟಿಣ್ ಎಂದು ಸದ್ದು ಮಾಡಿತು. ತಾಯಿ ಸರಕ್ಕನೆ ಎದ್ದು ಔಷಧಿಯ ಸೀಸೆ ಹುಡುಕಿದಳು.

"ಅದೇನು?"

"ಕಣ್ಣಿಗೆ ಔಷಧಿ ಬಿಡೋ ಹೊತ್ತು. ಆಪರೇಷನ್ ಆದಾಗಿಂದ ಹದಿನೈದು ದಿನಕ್ಕೆ ಅಂತ ದಿನಕ್ಕೊಂದು ಅಲಾರಂ ಇಟ್ಟಿದ್ಲು. ಮೊದಲ ವಾರ ಎರಡು ಸಲ ಟಿಣ್ ಅಂದ್ರೆ ಎರಡೂ ಕಣ್ಣಿಗೆ, ಎರಡನೇ ವಾರ ಒಂದು ಸಲ ಅಂದ್ರೆ ಬಲಗಣ್ಣಿಗೆ ಮಾತ್ರ. ಇವತ್ತೊಂದು ದಿನ ಮತ್ತೆ ಎರಡು, ಡಾಕ್ಟ್ರು ಹೇಳಿದ ಹಾಗೆ. ಒಂದು ದಿನಾನೂ ಹೆಚ್ಚುಕಮ್ಮಿ ಆಗಿಲ್ಲ."

"ಕನೆಕ್ಷನ್ ಇಲ್ಲದ ವಾರವೂ?"

"ಆ ವಾರವೇ ಎರಡು ಹೋಗಿ ಒಂದಾಗಿದ್ದು. ಡಾಕ್ಟ್ರು ಹೇಳಿದ ದಿನಕ್ಕೇ ಸರಿಯಾಗಿ ಆಯ್ತು."

ಗಡಿಯಾರ ಒಂದು ದಿನ ಹಿಂದಿದ್ದಿದ್ದರೆ ಅದು ಮರುದಿನ ಆಗಬೇಕಿತ್ತು. ರಿಪೇರಿಯವನು ಸುಳ್ಳು ಹೇಳಿದ್ದ. ಲ್ಯಾಪ್‌ಟಾಪಿನಲ್ಲಿ ಕೆಟ್ಟದ್ದೇ ಏನಿಲ್ಲವೆಂದ ಮೇಲೆ ಕೆಟ್ಟದ್ದು ಅವನ ಕಡೆಯೇ. ಉಳಿದವರಿಗೆಲ್ಲ ಸರಿಯಿದ್ದು ಇವಳೊಬ್ಬಳಿಗೇ ಕೆಟ್ಟಿತೆಂದರೆ, ಅದು ತಾನಾಗಿ ಕೆಟ್ಟದ್ದಲ್ಲ.

ಮರುದಿನ ಶೋಧನಾ ವಾರಂಟಿನೊಂದಿಗೆ ಹೋದರು. ಸೇತುವೆಯೆಂಬ ಆ ಯಂತ್ರ ಅಂಗಡಿಯ ಅಟ್ಟದ ಮೇಲೆ, ಹಳೆಯ ರಟ್ಟಿನ ಪೆಟ್ಟಿಗೆಗಳ ನಡುವೆ ಗುಂಯ್ ಎನ್ನುತ್ತಿತ್ತು. ಸಬ್ ಇನ್ಸ್‌ಪೆಕ್ಟರ್ ಪಂಚರೆದುರು ಅದರ ಮುಂದೆ ಕೂತಳು. ಒಂದೇ ಯಂತ್ರಕ್ಕೆ ಒಂಬತ್ತು ಬಾಗಿಲುಗಳಿದ್ದವು, ಸುದ್ದಿ ಕೊಡುವ ಒಬ್ಬೊಬ್ಬರಿಗೆ ಒಂದೊಂದು. ಒಂದು ಬಯಲಾದರೂ ಉಳಿದವು ಉಳಿಯಲಿ ಎಂಬ ಮುಂಜಾಗ್ರತೆ. ನಾಲ್ಕನೆಯ ಬಾಗಿಲಿಗೆ ಬರುತ್ತಿದ್ದದ್ದು ಘಟಕದ ವಿಳಾಸದಿಂದ.

"ಕ್ವಾರ್ಟರ್ಸಲ್ಲಿ ಅರವತ್ತು ಮನೆ. ಹೊರಗೆ ಕಾಣೋದು ಎಲ್ಲಕ್ಕೂ ಒಂದೇ ವಿಳಾಸ," ಎಂದಳು ಅವಳು. "ಸುದ್ದಿ ಕೊಡ್ತಿರೋದು ಘಟಕದೋರೇ ಅಂತ ಇವನಿಗೆ ಗೊತ್ತಾಯ್ತು. ಯಾರು ಅಂತ ಮಾತ್ರ ಗೊತ್ತಾಗ್ಲಿಲ್ಲ."

"ಅದಕ್ಕೆ?"

"ಪತ್ರಿಕೇಲಿ ಬಂದ ಮಾರನೇ ದಿನ ನಾಲ್ಕನೇ ಬಾಗಿಲೊಂದನ್ನೇ ಮುಚ್ಚಿದಾನೆ. ಶನಿವಾರ ಸಂಜೆ ತೆಗೆದಿದಾನೆ. ಕೈಯಾರೆ ಟೈಪ್ ಮಾಡಿದ ಆದೇಶ, ಎರಡೂ ಯಂತ್ರದಲ್ಲೇ ದಾಖಲಾಗಿದೆ."

ಕನೆಕ್ಷನ್ ಸಿಗದವರು ತಾವಾಗಿ ಹುಡುಕಿಕೊಂಡು ಬರಲಿ ಎಂದು ಅವನು ಕಾದು ಕೂತಿದ್ದ. ಅವಳು ಲ್ಯಾಪ್‌ಟಾಪ್ ಎದೆಗೊತ್ತಿಕೊಂಡು ಬಂದಳು, ಸರಿಯಾಯಿತೆಂದು ಥ್ಯಾಂಕ್ಸ್ ಹೇಳಿ ಹೋದಳು. ಇನ್ಸ್‌ಪೆಕ್ಟರ್‌ಗೆ ಇಪ್ಪತ್ತು ವರ್ಷದ ನೌಕರಿಯಲ್ಲಿ ಬಹಳ ಥರದ ನೀಚತನ ಕಂಡು ರೂಢಿಯಾಗಿತ್ತು. ಇಂಥದ್ದನ್ನು ಮಾತ್ರ ಕಂಡಿರಲಿಲ್ಲ.

ದಾಖಲೆಯ ಪ್ರತಿ ತೆಗೆದುಕೊಂಡು, ಅಂಗಡಿಗೆ ಕಾವಲು ಹಾಕಿ, ಫೋನ್ ಕರೆಗಳ ವಿವರ ತರಿಸಿದರು. ಶನಿವಾರ ಸಂಜೆ ಹುಡುಗಿ ಹೋದ ಮೇಲೆ ಅವನ ಫೋನಿನಿಂದ ಹೋದದ್ದು ಒಂದೇ ಕರೆ, ಘಟಕದ ಮೇಲ್ವಿಚಾರಕನಿಗೆ.

"ನಾನು ಅವತ್ತೇ ಅಂದ್ಕೊಂಡೆ ಸಾರ್," ಎಂದ ಉದ್ದಣ್ಣ. "ಇಬ್ಬರ ಮೂಗೂ ಒಂದೇ ಅಚ್ಚು."

"ಅಂದ್ಕೊಂಡಿದ್ದನ್ನ ಹೇಳೋಕೇನು ರೋಗ?"

"ಮೂಗು ನೋಡಿ ಅರೆಸ್ಟ್ ಮಾಡೋಕಾಗತ್ತಾ ಅಂತ ನೀವೇ ಬೈತಿದ್ರಿ."

ಮೇಲ್ವಿಚಾರಕ ರಿಪೇರಿಯವನ ಸ್ವಂತ ಅಣ್ಣ. ಭಾನುವಾರ ರಜೆಯಿದ್ದರೂ ಸಾಹೇಬರು ಬಂದಿದ್ದರು, ಲ್ಯಾಬಿನ ಹುಡುಗಿಯನ್ನು ಕರೆದುಕೊಂಡು ತೊಟ್ಟಿಯ ಕಡೆ ಹೋಗಿ ಒಬ್ಬರೇ ವಾಪಸಾದರು ಎಂದು ಗೇಟಿನ ಕಾವಲುಗಾರ ಹೇಳಿಕೆ ಕೊಟ್ಟ. ಮೊದಲೇ ಏಕೆ ಹೇಳಲಿಲ್ಲವೆಂದರೆ, ಯಾರೂ ಕೇಳಲಿಲ್ಲ ಎಂದ. ಅದೂ ನಿಜವೇ ಆಗಿತ್ತು. ಮೇಲ್ವಿಚಾರಕನನ್ನು ಹದಿನೈದನೇ ತಾರೀಕು ಅವನ ಕಚೇರಿಯಲ್ಲೇ ಬಂಧಿಸಿದರು. ಅವನು ಒಂದು ಗಂಟೆ ತಿಪ್ಪೆ ಸಾರಿಸಿ, ಆಮೇಲೆ ಕುಸಿದು ಎಲ್ಲ ಹೇಳಿದ. ಫೋಟೋಗಳನ್ನು ಅಳಿಸು ಎಂದು ತೋಳು ಹಿಡಿದು ಕೇಳಿದನಂತೆ. ಮಕ್ಕಳು ಸಾಯ್ತಿದಾರೆ ಸಾರ್ ಎಂದಳಂತೆ. ನೂಕಿದ. ಅವಳು ಕೂಗುತ್ತಿದ್ದದ್ದು ಪಂಪಿನ ಸದ್ದಿಗೆ ಕೇಳಿಸಲಿಲ್ಲ, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು ಎಂದ. ನೀರು ಅಲುಗುವುದು ನಿಲ್ಲುವ ತನಕ ಕಟಕಟೆ ಹಿಡಿದು ನಿಂತಿದ್ದನಂತೆ.

ರಿಪೇರಿಯವನನ್ನು ಅದೇ ಸಂಜೆ ಅಂಗಡಿಯಲ್ಲಿ ಹಿಡಿದರು. ಓಡಲಿಲ್ಲ. ಅಟ್ಟದ ಯಂತ್ರವನ್ನು ಜಪ್ತಿ ಮಾಡಲು ಉದ್ದಣ್ಣ ವೈರಿಗೆ ಕೈ ಹಾಕಿದಾಗ ಮಾತ್ರ ಅವನು ಹಾರಿಬಂದು ಅಡ್ಡ ನಿಂತ.

"ಕೀಳ್ಬೇಡಿ ಸಾರ್. ಒಳಗೆ ಜನ ಇದಾರೆ."

"ಅವಳೂ ಇದ್ಲು," ಎಂದ ಇನ್ಸ್‌ಪೆಕ್ಟರ್.

ಅವನು ಪಕ್ಕಕ್ಕೆ ಸರಿದ. ಉದ್ದಣ್ಣ ವೈರು ಕಿತ್ತ. ಎಲ್ಲೆಲ್ಲೋ ಕೂತಿದ್ದ ಎಂಟು ಜನರಿಗೆ ಆ ಕ್ಷಣ ಕನೆಕ್ಷನ್ ಹೋಯಿತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ. ಅಣ್ಣ ಅವಳನ್ನು ಬೇರೆ ಕಡೆ ವರ್ಗ ಮಾಡಿಸುತ್ತಾನೆ ಎಂದಷ್ಟೇ ಅಂದುಕೊಂಡಿದ್ದನಂತೆ.

"ನಿನ್ನ ಸೇತುವೇನ ನೀನೇ ಕಟ್ಟಿದ್ದು. ನಿಯಮಾನೂ ನಿನ್ನದೇ. ಯಾಕೆ ಮಾಡಿದೆ?"

"ಅಪ್ಪ ಹೋದಾಗ ನಂಗೆ ಆರು ವರ್ಷ. ಅಣ್ಣ ಓದು ಬಿಟ್ಟು ದುಡಿದು ನನ್ನ ಸಾಕಿದ. ಈ ಅಂಗಡಿ ಹಾಕ್ಕೊಟ್ಟ. ಇಷ್ಟು ವರ್ಷದಲ್ಲಿ ಅವನು ನನ್ನ ಹತ್ರ ಏನನ್ನೂ ಕೇಳಿರ್ಲಿಲ್ಲ ಸಾರ್. ಇದೊಂದು ಕೇಳಿದ."

ರೈಟರ್ ಅದನ್ನೂ ಬರೆದುಕೊಂಡ.

ಕತ್ತಲಾಗುವ ಮೊದಲು ಇನ್ಸ್‌ಪೆಕ್ಟರ್ ಕ್ವಾರ್ಟರ್ಸಿಗೆ ಹೋದ. ತಾಯಿ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ನೀವು ಹೇಳಿದ್ದೇ ಸರಿ ಅಮ್ಮ. ಪುಟ್ಟಿ ತಾನಾಗಿ ಹಾರಿಲ್ಲ. ನೂಕಿದ್ರು. ಅವಳು ಮೇಲೆ ಹತ್ತೋಕೆ ತುಂಬಾ ಪ್ರಯತ್ನ ಪಟ್ಟಿದಾಳೆ. ಗೋಡೆ ಮೇಲೆ ಗುರುತಿದೆ."

"ಮನೆಗೆ ಬರೋಕೆ ನೋಡಿದ್ಲಾ?"

"ಹೂಂ."

ಆಕೆಯ ಮುಖ ಒಂದು ಗಳಿಗೆ ಬೆಳಗಿತು. ಐದಾರು ದಿನದಲ್ಲಿ ಮೊದಲ ಸಲ ಉಸಿರು ಬಿಟ್ಟಂತಿತ್ತು. ಆಮೇಲೆ ತಾನು ಕೇಳಿದ್ದೇನೆಂಬುದು ನಿಧಾನವಾಗಿ ಮನಸ್ಸಿಗೆ ಇಳಿಯಿತು. ಆಕೆ ಕೈಚಾಚಿ ಅವನ ಮಣಿಕಟ್ಟು ಹಿಡಿದುಕೊಂಡಳು.

"ಎಷ್ಟು ಹೊತ್ತು?"

ಮೇಲ್ವಿಚಾರಕ ನಿಂತು ನೋಡಿದ್ದೆಷ್ಟು ಹೊತ್ತೆಂದು ಹೇಳಿಕೆಯಲ್ಲಿ ಬರೆದಿತ್ತು. ಅದನ್ನು ಎರಡು ಸಲ ಕೇಳಿ ಬರೆಸಿದ್ದವನು ಇನ್ಸ್‌ಪೆಕ್ಟರನೇ.

"ಬಹಳ ಹೊತ್ತೇನಿಲ್ಲ ಅಮ್ಮ," ಎಂದ ಅವನು. ಆಕೆ ತನ್ನ ಮಸುಕು ಕಣ್ಣಿನಿಂದ ಅವನ ಮುಖವನ್ನೇ ನೋಡುತ್ತಿದ್ದಳು. ಹಿಡಿದ ಕೈ ಬಿಡಲಿಲ್ಲ.