ಮಳೆಗೆ ಮುಂಚಿನ ಜಾಡು

ಹನ್ನೊಂದು ಗಂಟೆಗೆ ಮಳೆ ಬರುತ್ತದೆ ಎಂದು ರೇಡಿಯೊ ಹೇಳಿತ್ತು. ಅಷ್ಟರೊಳಗೆ ಜಿಂಕೆ ಸಿಗಬೇಕಿತ್ತು.

ಗುರುಪ್ರಸಾದ್ ಬಾಣ ಬಿಟ್ಟದ್ದು ಬೆಳಿಗ್ಗೆ ಏಳೂಕಾಲಿಗೆ. ೧೯೯೭ರ ಅಕ್ಟೋಬರಿನ ಒಂದು ಶನಿವಾರ. ಜಾಗ ಫೋರ್ಟ್ ಮಿಲ್‌ನಿಂದ ಅರ್ಧ ಗಂಟೆ ದಕ್ಷಿಣಕ್ಕಿರುವ ಹಾರ್ಲನ್ ಎಂಬ ಮುದುಕನ ಕಾಡು. ಹಾರ್ಲನ್‌ಗೆ ಎಪ್ಪತ್ತೆರಡು ವರ್ಷ, ಒಂದು ಮೊಣಕಾಲು ಮಡಚುವುದಿಲ್ಲ. ತನ್ನ ಕಾಡಿನಲ್ಲಿ ಬಿಲ್ಲು ಹಿಡಿಯಲು ಯಾರಿಗೂ ಅವನು ಬಾಡಿಗೆ ಕೇಳುತ್ತಿರಲಿಲ್ಲ. ಒಂದೇ ಒಂದು ಷರತ್ತು ಹಾಕುತ್ತಿದ್ದ: ಗಾಯ ಮಾಡಿದ ಜಿಂಕೆಯನ್ನು ಹುಡುಕದೆ ಬಿಟ್ಟವನು ಮತ್ತೆ ಗೇಟು ದಾಟುವ ಹಾಗಿಲ್ಲ.

ಅವನು ಕೂತಿದ್ದ ಮರದ ಅಟ್ಟಣೆಯ ಹತ್ತಿರ ಸಿಕ್ಕಿದ್ದು ಅರ್ಧ ಬಾಣ. ಮುಂದಿನ ಅರ್ಧ ಜಿಂಕೆಯ ಮೈಯೊಳಗೇ ಉಳಿದಿತ್ತು. ಹಾರ್ಲನ್ ತನ್ನ ಪಿಕಪ್‌ನ ಬಾನೆಟ್ ಮೇಲೆ ಆ ತುಂಡನ್ನು ಇಟ್ಟು, ಕನ್ನಡಕ ಹಣೆಗೇರಿಸಿ ನೋಡಿದ. ಮೂಸಿದ.

"ಕಪ್ಪು ರಕ್ತ. ನೊರೆ ಇಲ್ಲ, ಅಂದ್ರೆ ಶ್ವಾಸಕೋಶ ಅಲ್ಲ. ಹೊಟ್ಟೆಯ ವಾಸನೆಯೂ ಇಲ್ಲ. ಲಿವರ್‌ಗೆ ತಗುಲಿದೆ," ಎಂದ ತನ್ನ ರಾಗ ಎಳೆಯುವ ಇಂಗ್ಲಿಷಿನಲ್ಲಿ. "ಯಾವ ಮೊನೆ ಹಾಕಿದ್ದೆ?"

"ಹೊಸದು. ಒಳಗೆ ಹೋಗುವಾಗ ಅಲಗು ಬಿಚ್ಚಿಕೊಳ್ಳೋದು."

"ಬಿಚ್ಚಿಕೊಳ್ಳೋದು," ಎಂದು ಹಾರ್ಲನ್ ಪುನಃ ಹೇಳಿದ. "ಜಿಂಕೆ ಹೇಗೆ ನಿಂತಿತ್ತು?"

"ಅಡ್ಡ. ಪೂರ್ತಿ ಪಕ್ಕೆ ಕಾಣ್ತಿತ್ತು."

ಹಾಗೆ ಹೇಳುವಾಗ ಗುರುಪ್ರಸಾದ್ ತನ್ನ ಬೂಟು ನೋಡುತ್ತಿದ್ದ. ಜಿಂಕೆ ಅಡ್ಡ ನಿಂತಿರಲಿಲ್ಲ. ಎದೆ ಅವನ ಕಡೆಗೆ ತಿರುಗಿ, ಓರೆಯಾಗಿ ನಿಂತಿತ್ತು. ಒಂದು ನಿಮಿಷ ಕಾದಿದ್ದರೆ ತಿರುಗುತ್ತಿತ್ತೇನೋ. ಎರಡು ವರ್ಷ ಹುಲ್ಲಿನ ಪಿಂಡಿಗೆ ಹೊಡೆದು ಕಲಿತವನು, ಮೊದಲ ಜಿಂಕೆ ಕಂಡಾಗ ಆ ಒಂದು ನಿಮಿಷ ಕಾಯಲಿಲ್ಲ. ಓರೆಗೆ ಬಿದ್ದ ಮೊನೆ ಭುಜದ ಮೂಳೆಯನ್ನು ಸವರಿ ಹಿಂದಕ್ಕೆ ಜಾರಿರಬೇಕು.

ಹಾರ್ಲನ್ ಆಕಾಶ ನೋಡಿದ. "ಲಿವರ್‌ಗೆ ಬಿದ್ದರೆ ನಾಲ್ಕು ಗಂಟೆ ಕಾಯಬೇಕು. ಈಗಲೇ ಹಿಂದೆ ಹೋದರೆ ಎದ್ದು ಎರಡು ಮೈಲಿ ಓಡುತ್ತೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತೆ. ಆದರೆ ಮಳೆ ನಾಲ್ಕು ಗಂಟೆ ಕೊಡೋದಿಲ್ಲ. ಒಂಬತ್ತೂವರೆಗೆ ಹೊರಡಿ. ನನ್ನ ಕಾಲು ಬರೋದಿಲ್ಲ, ಒಳ್ಳೆ ಕಣ್ಣಿರೋರನ್ನು ಕರೆಸು."

ಗುರುಪ್ರಸಾದ್ ಹಾರ್ಲನ್ ಮನೆಯಿಂದ ಫೋನ್ ಮಾಡಿದ. ಒಂಬತ್ತು ಗಂಟೆಗೆ ದತ್ತಾತ್ರೇಯನ ಕಾರು ಬಂತು. ದತ್ತಾತ್ರೇಯ ಮೈಸೂರಿನವನು, ಷಾರ್ಲೆಟ್‌ನಲ್ಲಿ ಗುರುಪ್ರಸಾದ್‌ನ ಜೊತೆ ಒಂದು ಬ್ಯಾಂಕಿನ ಹಳೇ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ತಿದ್ದುವವನು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು. ಹಿಂದಿನ ಸೀಟಿನಿಂದ ಇಳಿದವಳು ವಸಂತಾ, ಗುರುಪ್ರಸಾದ್‌ನ ನಾದಿನಿ. ಅಕ್ಕನ ಬಾಣಂತನಕ್ಕೆಂದು ಕುಂದಾಪುರದಿಂದ ಬಂದು ನಾಲ್ಕು ತಿಂಗಳಾಗಿತ್ತು. ಹತ್ತೊಂಬತ್ತು ವರ್ಷ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮಾತು ಕಡಿಮೆ.

"ಇವಳನ್ನು ಯಾಕೆ ಕಳಿಸಿದಳು ಪ್ರೇಮಾ?" ಎಂದ ಗುರುಪ್ರಸಾದ್.

"ಕಾರ್ಪೆಟ್‌ನಲ್ಲಿ ಬಿದ್ದ ಮೂಗುಬೊಟ್ಟಿನ ತಿರುಪು ಹುಡುಕಿಕೊಟ್ಟೋಳು ಇವಳಂತೆ. ಜಿಂಕೆ ಅದಕ್ಕಿಂತ ದೊಡ್ಡದು, ಸಿಗತ್ತೆ ಅಂದ್ರು ನಿನ್ನ ಹೆಂಡ್ತಿ," ಎಂದ ದತ್ತಾತ್ರೇಯ. "ನಂಗೆ ಮಾತ್ರ ರಕ್ತ ನೋಡಿದ್ರೆ ತಲೆ ಸುತ್ತತ್ತೆ. ಮೊದ್ಲೇ ಹೇಳ್ಬಿಡ್ತೀನಿ."

ಹೊರಡುವಾಗ ಹಾರ್ಲನ್ ತನ್ನದೊಂದು ಬಾಣ ಕೊಟ್ಟ. ಅದರ ಮೊನೆಗೆ ಬಿಚ್ಚುವ ಅಲಗುಗಳಿರಲಿಲ್ಲ. ಉಕ್ಕಿನ ಒಂದೇ ಅಗಲವಾದ ಅಲಗು, ಎರಡೂ ಕಡೆ ಕೈಯಲ್ಲೇ ಮಸೆದದ್ದು. "ಬದುಕಿದ್ದರೆ ಇದು ಬೇಕಾಗುತ್ತೆ," ಎಂದ.

*

ಅಕ್ಟೋಬರಿನಲ್ಲಿ ಆ ಕಾಡು ಪೂರ್ತಿ ಬಣ್ಣ ಬದಲಾಯಿಸಿರುತ್ತದೆ. ಸ್ವೀಟ್‌ಗಮ್ ಮರಗಳ ನಕ್ಷತ್ರದಂಥ ಎಲೆಗಳು, ಮೇಪಲ್‌ನ ಕೆಂಪು ಎಲೆಗಳು, ಹಳದಿ ಎಲೆಗಳ ಮೇಲೆ ಕಂದು ಮಚ್ಚೆಗಳು. ಕೆಳಗೆ ಕೆಂಪು ಜೇಡಿ ಮಣ್ಣು. ಎಲ್ಲಿ ನೋಡಿದರೂ ರಕ್ತದ ಬಣ್ಣವೇ. ಅದರ ನಡುವೆ ನಿಜವಾದ ರಕ್ತ ಹುಡುಕಬೇಕಿತ್ತು. ದೂರದಲ್ಲಿ ಹೊಳೆಯ ಸದ್ದು ಕೇಳುತ್ತಿತ್ತು. ಗಾಳಿ ಇನ್ನೂ ಎದ್ದಿರಲಿಲ್ಲ, ಆದರೆ ಅಳಿಲುಗಳು ಆಗಲೇ ಗೂಡು ಸೇರಿದ್ದವು.

"ಇಲ್ಲಿ, ಇಲ್ಲಿ," ಎಂದ ದತ್ತಾತ್ರೇಯ.

ಗುರುಪ್ರಸಾದ್ ಬೆರಳಿಗೆ ಎಂಜಲು ಹಚ್ಚಿ ಒರೆಸಿ ನೋಡಿದ. ಬಣ್ಣ ಬರಲಿಲ್ಲ. "ಅದು ಎಲೆಯ ಮಚ್ಚೆ ಮಾರಾಯ."

"ನಾಲ್ಕನೇ ಸಲ," ಎಂದು ದತ್ತಾತ್ರೇಯ ತಾನೇ ಲೆಕ್ಕ ಹೇಳಿಕೊಂಡ.

ನಿಜವಾದ ಹನಿಗಳು ಅಪರೂಪಕ್ಕೆ ಸಿಗುತ್ತಿದ್ದವು. ಹತ್ತು ಹೆಜ್ಜೆಗೊಂದು, ಇಪ್ಪತ್ತು ಹೆಜ್ಜೆಗೊಂದು. ಬಾಣ ಮೇಲಿನಿಂದ ಒಳಹೊಕ್ಕು ಕೆಳಗೆ ಹೊರಬಿದ್ದಿದ್ದರೆ ರಕ್ತ ಧಾರೆಯಾಗಿ ಸುರಿಯುತ್ತಿತ್ತು. ಇಲ್ಲಿ ಒಳಗೆ ಹೋದ ತೂತು ಮಾತ್ರ ಇತ್ತು, ಅದೂ ಎತ್ತರದಲ್ಲಿ. ರಕ್ತವೆಲ್ಲ ಮೈಯೊಳಗೇ ತುಂಬಿಕೊಳ್ಳುತ್ತಿತ್ತು. ಸಿಕ್ಕ ಪ್ರತಿ ಹನಿಯ ಪಕ್ಕದ ಕೊಂಬೆಗೆ ಗುರುಪ್ರಸಾದ್ ಟಾಯ್ಲೆಟ್ ಪೇಪರಿನ ತುಂಡು ಸಿಕ್ಕಿಸುತ್ತ ಹೋದ.

ವಸಂತಾ ಅವರ ಹಿಂದೆ ಬರಲಿಲ್ಲ, ಪಕ್ಕದಲ್ಲಿ, ನಾಲ್ಕಡಿ ದೂರದಲ್ಲಿ ನಡೆಯುತ್ತಿದ್ದಳು.

"ಅಲ್ಲಿ ಮುಳ್ಳುಂಟು, ಈಚೆ ಬಾ," ಎಂದ ಗುರುಪ್ರಸಾದ್.

"ಬೇಡ ಭಾವ. ರಕ್ತ ತುಳಿಯಬಾರದು."

ಹತ್ತೂಕಾಲಿಗೆ ಜಾಡು ನಿಂತೇಹೋಯಿತು. ಒಂದು ಬಿದ್ದ ಓಕ್ ಮರದ ಹತ್ತಿರ ಕೊನೆಯ ಹನಿ. ಅದರಾಚೆ ಏನೂ ಇಲ್ಲ. ಇಬ್ಬರೂ ಗಂಡಸರು ಸುತ್ತು ಹಾಕಿದರು. ಮೊಣಕಾಲೂರಿದರು. ಎಲೆ ಮಗುಚಿದರು. ಹದಿನೈದು ನಿಮಿಷ ಹೋಯಿತು.

ಗಾಳಿ ಎದ್ದಿತು.

"ಗಾಯ ಆದ ಪ್ರಾಣಿ ನೀರಿಗೆ ಹೋಗ್ತದೆ," ಎಂದ ಗುರುಪ್ರಸಾದ್. "ಇಲ್ಲಿಂದ ನೇರ ಹೊಳೆಗೆ ಹೋಗುವ. ದಡ ಹುಡುಕುವ."

"ಲಾಜಿಕ್ ಸರಿ ಇದೆ," ಎಂದು ದತ್ತಾತ್ರೇಯ ಎದ್ದ.

"ಭಾವ."

ವಸಂತಾ ಓಕ್ ಮರದಿಂದ ಮೂವತ್ತು ಹೆಜ್ಜೆ ಹಿಂದೆ, ಬಂದ ದಾರಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಅದು ನೋಡಿ ಆಯ್ತು ಮಾರಾಯ್ತಿ. ಪೇಪರ್ ಕಟ್ಟಿದ್ದೇನಲ್ಲ."

"ನೀವು ಕಟ್ಟಿದ್ದು ಆ ಹನಿಗೆ. ಇದು ಬೇರೆ. ಇದರ ಬಾಲ ಹಿಂದಕ್ಕೆ ಉಂಟು."

ಇಬ್ಬರೂ ಬಂದು ಬಗ್ಗಿದರು. ಅಗಲವಾದ ಒಂದು ಹಳದಿ ಎಲೆಯ ಮೇಲೆ ಹುಣಸೆ ಬೀಜದಷ್ಟು ಕಪ್ಪು ಹನಿ. ಅದರ ಒಂದು ಕಡೆ ಅಂಚು ದುಂಡಗಿತ್ತು. ಇನ್ನೊಂದು ಕಡೆ ಸಣ್ಣ ಸಣ್ಣ ಗೆರೆಗಳು ಚಿಮ್ಮಿದ್ದವು.

"ಊರಲ್ಲಿ ಅಪ್ಪ ನಡೆಸುವ ಮದುವೆ ಛತ್ರದಲ್ಲಿ ಊಟದ ಮನೆಯ ನೆಲ ಒರೆಸುದು ನಾನೇ ಅಲ್ವಾ," ಎಂದಳು ಅವಳು, ಎಲೆಯಿಂದ ಕಣ್ಣು ತೆಗೆಯದೆ. "ಸಾರಿನ ಬಕೆಟ್ ಹಿಡಿದುಕೊಂಡು ಬಡಿಸುವವರು ಓಡ್ತಾರೆ. ಹನಿ ಬೀಳ್ತದೆ. ಅವರು ಯಾವ ಕಡೆ ಹೋದರೋ ಆ ಕಡೆಗೇ ಅದು ಚಿಮ್ಮುದು. ಯಾರು ಯಾವ ಪಂಕ್ತಿಯಿಂದ ಚೆಲ್ಲಿಕೊಂಡು ಹೋದರು ಅಂತ ನೋಡಿ ನಾನು ಬೈತಿದ್ದೆ." ಎಲೆಯ ಪಕ್ಕದ ಕಡ್ಡಿಯೊಂದನ್ನು ಸರಿಸಿದಳು. "ಬೈತಿದ್ದದ್ದು ಮನಸ್ಸಿನಲ್ಲಿ."

ಅವಳು ಬೆರಳು ತೋರಿಸಿದಳು. ಪೇಪರ್ ಕಟ್ಟಿದ್ದ ಹನಿಗಳ ಗೆರೆಗಳು ಓಕ್ ಮರದ ಕಡೆಗಿದ್ದವು. ಈ ಹನಿಯ ಗೆರೆಗಳು ಅಟ್ಟಣೆಯ ಕಡೆಗೆ. ಜಿಂಕೆ ಓಕ್ ಮರದವರೆಗೆ ಬಂದು, ತಿರುಗಿ, ತನ್ನದೇ ಹೆಜ್ಜೆಯ ಮೇಲೆ ವಾಪಸು ಹೋಗಿತ್ತು. ವಾಪಸು ಹೋದ ಹನಿಗಳನ್ನು ಗಂಡಸರಿಬ್ಬರೂ ಬೂಟುಗಾಲಲ್ಲಿ ತುಳಿದುಕೊಂಡೇ ಬಂದಿದ್ದರು. ಅಂಚಿನಲ್ಲಿದ್ದ ಇದೊಂದು ಉಳಿದಿತ್ತು.

ಗುರುಪ್ರಸಾದ್ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

"ನೀನು ಮುಂದೆ ನಡಿ," ಎಂದ.

ಅವಳು ಮುಂದೆ ನಡೆದಳು. ಹತ್ತು ಹೆಜ್ಜೆಯಲ್ಲಿ ಜಾಡು ಎಡಕ್ಕೆ ಜಿಗಿದಿತ್ತು. ಮುಳ್ಳುಬಳ್ಳಿಯ ಒಂದು ಎಲೆಯ ಮೇಲೆ, ಸೊಂಟದೆತ್ತರದಲ್ಲಿ, ಒರೆಸಿದ ಗುರುತು. ಆಮೇಲೆ ಕಲ್ಲಿನ ಮೇಲೊಂದು ಹನಿ. ಇಳಿಜಾರು. ಜೇಡಿ ಮಣ್ಣು ಜಾರುತ್ತಿತ್ತು. ದತ್ತಾತ್ರೇಯ ಬಿದ್ದ, ಎದ್ದ, ಮತ್ತೆ ಬಿದ್ದ. ಬಿದ್ದಲ್ಲಿಂದಲೇ, "ವಸಂತಾ, ಇದು ರಕ್ತಾನಾ ಎಲೇನಾ ನೋಡಮ್ಮ," ಎಂದ.

"ರಕ್ತ," ಎಂದಳು.

"ಹಂಗಾದ್ರೆ ಒಂದು ಸಿಕ್ತು ನಂಗೂ." ಅವನ ತಲೆ ಸುತ್ತಲಿಲ್ಲ. ಸುತ್ತುವುದನ್ನು ಮರೆತಿದ್ದ.

*

ಹೊಳೆಯ ತಿರುವಿನಲ್ಲಿ ಆಳೆತ್ತರದ ಬೆತ್ತದಂಥ ಹುಲ್ಲು ಬೆಳೆದಿತ್ತು. ಅಲ್ಲಿ ವಸಂತಾ ಕೈ ಎತ್ತಿದಳು.

ಎಲ್ಲರೂ ನಿಂತರು.

ಹದಿನೈದು ಗಜ ಮುಂದೆ, ಹುಲ್ಲಿನ ನಡುವೆ, ಒಂದು ಕಿವಿ ಅಲುಗಿತು.

ಗುರುಪ್ರಸಾದ್ ಹಾರ್ಲನ್ ಕೊಟ್ಟ ಬಾಣ ಹೂಡಿದ. ಅಷ್ಟರಲ್ಲಿ ಅದು ಎದ್ದಿತು. ಗಂಡು ಜಿಂಕೆ. ಹಿಂಗಾಲು ನಡುಗುತ್ತಿದ್ದವು. ಎದೆ ಅವನ ಕಡೆಗೆ ತಿರುಗಿತ್ತು, ಓರೆಯಾಗಿ. ಬೆಳಿಗ್ಗೆ ನಿಂತಿದ್ದ ಹಾಗೆಯೇ.

ಅವನು ಹೆದೆ ಎಳೆದ. ಬಿಲ್ಲಿನ ಎರಡು ತುದಿಯ ರಾಟೆಗಳು ತಿರುಗಿ ನಿಂತವು.

ಮೊದಲ ಮಳೆಹನಿ ಅವನ ಮುಂಗೈ ಮೇಲೆ ಬಿತ್ತು.

"ಹೊಡಿ ಗುರು," ಎಂದು ದತ್ತಾತ್ರೇಯ ಪಿಸುಗುಟ್ಟಿದ. "ಮಳೆ ಬಂತು. ಓಡಿದ್ರೆ ಮತ್ತೆ ಸಿಗಲ್ಲ."

ಅವನು ಹೊಡೆಯಲಿಲ್ಲ. ಮಳೆ ಎಲೆಗಳ ಮೇಲೆ ಟಪಟಪ ಸದ್ದು ಮಾಡತೊಡಗಿತು. ಹಿಂದಿನ ಜಾಡೆಲ್ಲ ತೊಳೆದುಹೋಗುತ್ತಿತ್ತು. ಇನ್ನು ಅದು ಓಡಿದರೆ ಹುಡುಕಲು ಏನೂ ಉಳಿಯುವುದಿಲ್ಲ. ಹೆದೆಯನ್ನು ಎಳೆದೇ ಹಿಡಿದಿದ್ದ. ಭುಜ ಉರಿಯಿತು. ಜಿಂಕೆ ಅವನನ್ನೇ ನೋಡುತ್ತಿತ್ತು. ಅವನು ಉಸಿರನ್ನು ಅರ್ಧ ಬಿಟ್ಟು, ಕಾದ.

ಜಿಂಕೆ ಹೊಳೆಯ ಕಡೆ ಒಂದು ಹೆಜ್ಜೆ ಇಟ್ಟಿತು. ಪಕ್ಕೆ ಕಂಡಿತು.

ಬಾಣ ಹೋದದ್ದು ಕಾಣಲಿಲ್ಲ. ಆಚೆ ದಡದ ಮಣ್ಣಿಗೆ ಅದು ಚುಚ್ಚಿದ ಸದ್ದು ಮಾತ್ರ ಕೇಳಿತು. ಜಿಂಕೆ ಇಪ್ಪತ್ತು ಹೆಜ್ಜೆ ನೆಗೆದು ಮುಗ್ಗರಿಸಿತು. ಅದು ಹೋದ ದಾರಿಯ ಎರಡೂ ಕಡೆ ಹುಲ್ಲು ಕೆಂಪಾಗಿತ್ತು. ನೊರೆ ನೊರೆ, ತಿಳಿಗೆಂಪು. ಆ ಜಾಡು ಹಿಡಿಯಲು ಯಾರ ಕಣ್ಣೂ ಬೇಕಿರಲಿಲ್ಲ.

ಮೂವರೂ ಹತ್ತಿರ ಹೋಗಿ ನಿಂತರು. ಗುರುಪ್ರಸಾದ್ ಬಗ್ಗಿ ಅದರ ಕಣ್ಣಿನ ಮುಂದೆ ಕೈ ಆಡಿಸಿದ. ರೆಪ್ಪೆ ಅಲುಗಲಿಲ್ಲ.

"ಬೇಗ ಹೋಯ್ತು," ಎಂದಳು ವಸಂತಾ.

"ಈ ಸಲ," ಎಂದ ಅವನು.

*

ಎಳೆದು ತರಲು ಒಂದೂವರೆ ಗಂಟೆ ಹಿಡಿಯಿತು. ಕೊಂಬಿಗೆ ಹಗ್ಗ ಕಟ್ಟಿ ಗಂಡಸರಿಬ್ಬರು ಮುಂದೆ, ಇಳಿಜಾರಿನಲ್ಲಿ ಜಾರದ ಹಾಗೆ ಹಿಂದಿನಿಂದ ದೂಡಲು ವಸಂತಾ. ಮಳೆ ಜೋರಾಗಿ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ಟಾಯ್ಲೆಟ್ ಪೇಪರ್ ಕರಗಿ ಕೊಂಬೆಗಳಿಗೆ ಅಂಟಿಕೊಂಡಿತ್ತು. ಅದರ ಕೆಳಗೆ ಒಂದು ಹನಿಯೂ ಉಳಿದಿರಲಿಲ್ಲ.

ಕೊಟ್ಟಿಗೆಯ ತಗಡಿನ ಮಾಡಿನ ಕೆಳಗೆ ಹಾರ್ಲನ್ ಕಾದಿದ್ದ. ಜಿಂಕೆಯ ಸುತ್ತ ಒಂದು ಸುತ್ತು ಬಂದು ಎರಡನೆಯ ತೂತಿಗೆ ಬೆರಳಿಟ್ಟ.

"ಇದು ಅಡ್ಡ ನಿಂತಾಗ ಬಿದ್ದದ್ದು. ಈ ಕಡೆ ಒಳಗೆ, ಆ ಕಡೆ ಹೊರಗೆ." ಆಮೇಲೆ ಭುಜದ ಹತ್ತಿರದ ಮೊದಲ ಗಾಯವನ್ನು ಅಗಲಿಸಿ ನೋಡಿದ. ಕತ್ತಿಯಿಂದ ಬಿಡಿಸಿ ಮುರಿದ ಬಾಣ ಹೊರತೆಗೆದ. ಮೊನೆಯ ಮೂರು ಅಲಗುಗಳಲ್ಲಿ ಒಂದು ಮಡಚಿಕೊಂಡೇ ಇತ್ತು. ಇನ್ನೊಂದು ಸೊಟ್ಟಗಾಗಿತ್ತು. "ಮೊನೆಯದೂ ತಪ್ಪಿದೆ," ಎಂದ.

'ಮೊನೆಯದೇ' ಅನ್ನಲಿಲ್ಲ. ಗುರುಪ್ರಸಾದ್‌ಗೆ ಅದು ಕೇಳಿಸಿತು. ಜಿಂಕೆ ಸಿಕ್ಕಿತ್ತು, ಷರತ್ತು ಮುಗಿದಿತ್ತು. ಸುಮ್ಮನಿದ್ದರೂ ಆಗುತ್ತಿತ್ತು.

"ಬೆಳಿಗ್ಗೆ ಅದು ಅಡ್ಡ ನಿಂತಿರಲಿಲ್ಲ," ಎಂದ. "ನನ್ನ ಕಡೆ ತಿರುಗಿತ್ತು. ನಾನು ಕಾಯಲಿಲ್ಲ. ನಿಮಗೆ ಸುಳ್ಳು ಹೇಳಿದೆ."

ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಹಾರ್ಲನ್ ಕತ್ತಿಯನ್ನು ಪ್ಯಾಂಟಿಗೆ ಒರೆಸಿದ.

"ಜಾಡು ಯಾರು ಹಿಡಿದದ್ದು?"

ಗುರುಪ್ರಸಾದ್ ನಾದಿನಿಯ ಕಡೆ ಕೈ ತೋರಿಸಿದ. ಅವಳು ಕಂಬದ ಹಿಂದೆ ಸರಿದಳು.

"ಹಾಗಾದರೆ ಕೇಳು. ಈ ವರ್ಷ ನೀನು ಬಿಲ್ಲು ತರಬೇಡ. ಡಿಸೆಂಬರ್‌ವರೆಗೆ ಇಲ್ಲಿ ಇನ್ನೂ ಆರು ಮಂದಿ ಬೇಟೆಗೆ ಬರ್ತಾರೆ. ಅವರು ಹೊಡೆದು ಕಳೆದುಕೊಂಡದ್ದನ್ನು ಹುಡುಕೋಕೆ ಬಾ. ಇವಳು ಮುಂದೆ, ನೀನು ಹಿಂದೆ. ಮುಂದಿನ ವರ್ಷದ ಮಾತು ಮುಂದಿನ ವರ್ಷ."

"ಅವಳ ವೀಸಾ ಡಿಸೆಂಬರ್‌ವರೆಗೇ ಇರೋದು."

"ಹಾಗಾದರೆ ಅಷ್ಟರೊಳಗೆ ಕಲಿ."

ಗುರುಪ್ರಸಾದ್ ಬಿಲ್ಲನ್ನು ಗೋಡೆಯ ಮೊಳೆಗೆ ತಾನೇ ನೇತುಹಾಕಿದ. ಆಮೇಲೆ ವಸಂತಾಳಿಗೆ ಹಾರ್ಲನ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಲು ಹೊರಟ. ನಾಲ್ಕು ತಿಂಗಳಲ್ಲಿ ಕಿವಿಗೆ ಬಿದ್ದ ಇಂಗ್ಲಿಷಿನಿಂದ ಅವಳಿಗೆ ಆಗಲೇ ಅರ್ಥವಾಗಿತ್ತು. ಅವಳು ತನ್ನ ಕಾಲು ನೋಡಿಕೊಂಡಳು. ಅಕ್ಕನ ಕ್ಯಾನ್ವಾಸ್ ಶೂ ನೀರು ಕುಡಿದು, ಒಂದರ ಅಟ್ಟೆ ಕಿತ್ತುಕೊಂಡಿತ್ತು.

"ಬರ್ತೇನೆ ಭಾವ," ಎಂದಳು. "ಆದ್ರೆ ನನಗೆ ಬೂಟು ಬೇಕು."

"ನಂಗೂ ಒಂದ್ ಜೊತೆ," ಎಂದ ದತ್ತಾತ್ರೇಯ, ಮೈಯೆಲ್ಲ ಕೆಂಪು ಮಣ್ಣಾಗಿ ಹುಲ್ಲಿನ ಪಿಂಡಿಯ ಮೇಲೆ ಕೂತಲ್ಲಿಂದ.

ಹಾರ್ಲನ್ ಜಿಂಕೆಯ ಹಿಂಗಾಲಿಗೆ ಹಗ್ಗ ಬಿಗಿದು, ಮಾಡಿನ ತೊಲೆಯ ಮೇಲೆ ಹಾಯಿಸಿ, ನೇತುಹಾಕಲು ಎಳೆಯಿರಿ ಎಂದು ಸನ್ನೆ ಮಾಡಿದ. ಮೂವರೂ ಬಂದು ಹಗ್ಗ ಹಿಡಿದರು.