ಸುಣ್ಣದ ಗೋಡೆಗೆ ಎರಡು ಕೈ

ಗೋಡೆಯ ನೆತ್ತಿಗೇ, ಸೂರಿನಲ್ಲಿ ಬೆಳಕಿಗೆಂದು ಗಾಜಿನ ಸೀಳು ಇಟ್ಟವನನ್ನು ಅವಳು ಮೊದಲ ದಿನವೇ ತರಾಟೆಗೆ ತೆಗೆದುಕೊಂಡಿದ್ದಳು. ಬೆಳಕು ಎದುರಿನಿಂದ ಬಂದರೆ ಎಂಥ ಗೋಡೆಯೂ ಚೆಂದ. ಮೇಲಿನಿಂದ ಸವರಿಕೊಂಡು ಇಳಿದರೆ ಗಾರೆ ಸವರುವ ಕರಣೆಯ ಒಂದೊಂದು ಗೀರೂ ಬಾಯಿ ಬಿಡುತ್ತದೆ. ಗಾರೆ ಕೆಲಸದವಳಾದ ತನ್ನ ಮಾನ ಕಳೆಯಲೆಂದೇ ಈ ಮನೆಯ ನಕ್ಷೆ ಬರೆದಿದ್ದಾನೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ನಕ್ಷೆಯವನು ಎಡಚ. ಎಡಗಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಬೈಗುಳವನ್ನೆಲ್ಲ ಅಳತೆ ಬರೆದುಕೊಳ್ಳುವವನ ಗಮನದಿಂದ ಕೇಳಿ, ಕೊನೆಗೆ ನಗುತ್ತಿದ್ದ. ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅವನು ಸೈಟಿಗೆ ಬಾರದ ದಿನ ಇನ್ನೂ ಹೆಚ್ಚು ಉರಿಯುತ್ತಿತ್ತು, ಅದು ಬೇರೆ ಮಾತು.

ಗಾರೆ ಮೇಸ್ತ್ರಿ ಅಪ್ಪನ ಹೆಸರಿಲ್ಲದೆ ಅವಳೇ ಒಪ್ಪಿಕೊಂಡ ಮೊದಲ ಗೋಡೆ ಇದು. ಮನೆಯೊಡತಿ ನಿವೃತ್ತ ಹಲ್ಲಿನ ಡಾಕ್ಟರು. ಕೂದಲೆಳೆಯ ಬಿರುಕೂ ಅವರ ಕಣ್ಣು ತಪ್ಪಿಸುವಂತಿಲ್ಲ. ಒರಟು ಕಲ್ಲಿನ ನೆಲ, ಬಣ್ಣ ಬಳಿಯದ ಮರದ ಬಾಗಿಲು ಎಲ್ಲಕ್ಕೂ ಒಪ್ಪಿದ್ದ ಅವರು ಸುಣ್ಣದ ಗೋಡೆಗೆ ಮಾತ್ರ ಷರತ್ತು ಹಾಕಿದ್ದರು: ಎಲ್ಲಾದರೂ ಜೋಡಣೆಯ ಗೆರೆ ಕಂಡರೆ ಅದರ ಮೇಲೆ ಟೈಲ್ಸ್.

ಕೊನೆಯ ಪದರ ಎಳೆಯಬೇಕಾದ ಬೆಳಿಗ್ಗೆಯೇ, ಅವಳ ಜೊತೆ ಕೆಲಸಕ್ಕಿದ್ದ ತಮ್ಮ ಸೈಕಲ್ಲಿನಿಂದ ಬಿದ್ದು ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಕೆಳಗಿನ ಪದರದ ಹಸಿ ಆರುವ ಮೊದಲೇ ಇಡೀ ಗೋಡೆ ಮುಗಿಯಬೇಕು; ಒಬ್ಬರ ಕೈಲಿ ಆಗುವ ಮಾತಲ್ಲ. ಎಡಚ ಅಂಗಿಯ ತೋಳು ಮಡಚಿದ. ಕಾಲೇಜಿನ ದಿನಗಳಲ್ಲಿ ಎರಡು ಬೇಸಿಗೆ ಗಾರೆ ಕೆಲಸ ಮಾಡಿದ್ದೆ ಎಂದ. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. ಅವಳು ಕರಣೆ ಕೊಟ್ಟಳು.

ಇಬ್ಬರೂ ಎರಡು ತುದಿಯಿಂದ ಶುರುಮಾಡಿದರು. ಅವನ ಕೈ ಕೆಟ್ಟದ್ದೇನಲ್ಲ. ಓರೆಗಣ್ಣಿನಲ್ಲಿ ನೋಡುತ್ತಲೇ ಒಪ್ಪಿಕೊಂಡಳು. ಅವನ ರೆಪ್ಪೆಗೆ ಸುಣ್ಣ ಹತ್ತಿದ್ದನ್ನೂ ನೋಡಿದಳು. ನಡುವೆ ಗೇಣಗಲ ಉಳಿದಾಗ ಅವಳು ಕರಣೆ ತಡೆದಳು. ಅವಳ ಎಳೆತ ಒಂದು ಕಡೆಗೆ ಬಾಗಿದ್ದರೆ ಅವನ ಎಡಗೈಯ ಎಳೆತ ಇನ್ನೊಂದು ಕಡೆಗೆ. ಎರಡೂ ಸೇರಿದರೆ ಬೈತಲೆ ತೆಗೆದ ಹಾಗೆ ಗೆರೆ ಬೀಳುತ್ತದೆ.

"ನಿಮ್ಮ ಕೈ ಮೇಲೆ ನನ್ನ ಕೈ ಇಡ್ತೀನಿ. ಒಟ್ಟಿಗೆ ಎಳೆಯೋಣ, ನೇರ ಕೆಳಕ್ಕೆ. ಗೋಡೆಗೋಸ್ಕರ ಅಷ್ಟೇ," ಎಂದಳು.

"ಗೋಡೆಗೋಸ್ಕರ," ಎಂದು ಅವನೂ ಗಂಭೀರವಾಗಿ ಹೇಳಿದ.

ಒಂದೇ ಕರಣೆ ನಿಧಾನವಾಗಿ ಇಳಿಯಿತು. ಅವನ ಬೆರಳು ಬೆಚ್ಚಗಿದ್ದವು. ತನ್ನ ಉಸಿರು ತನಗೇ ಜೋರಾಗಿ ಕೇಳಿಸಿದ್ದರಿಂದ ಅವಳು ಏನಾದರೂ ಮಾತಾಡಬೇಕಾಯಿತು. ಬೆಳಕನ್ನು ಇಲ್ಲೇ ಯಾಕೆ ಇಟ್ಟಿರಿ ಎಂದು ಕೇಳಿದಳು.

"ನೀವು ನಿಮ್ಮಪ್ಪನ ಜೊತೆ ಮಾಡಿದ ಗೋಡೆ ಒಂದನ್ನ ನೋಡಿದ್ದೆ. ನಿಮ್ಮ ಕೈಕೆಲಸ ಯಾವುದು ಅಂತ ಅವರೇ ತೋರಿಸಿದ್ರು. ಕತ್ತಲೆ ಮೂಲೇಲಿತ್ತು, ಹೊಟ್ಟೆ ಉರೀತು. ಮುಂದಿನ ಮನೇಲಿ ಇವರ ಗೋಡೆ ಮೇಲೇ ಬಿಸಿಲು ಬೀಳ್ಬೇಕು ಅಂದ್ಕೊಂಡೆ."

ಇಷ್ಟು ದಿನ ಅವನಿಗೆ ಹಾಕಿದ ಶಾಪವೆಲ್ಲ ನೆನಪಾಗಿ ಅವಳ ಮುಖ ಕೆಂಪೇರಿತು. ಕರಣೆ ನೆಲ ಮುಟ್ಟಿದ ಮೇಲೂ ಕೈ ತೆಗೆಯುವುದು ಮರೆತುಹೋಯಿತು.

ಗೋಡೆ ಒಣಗಿದ ಮೇಲೆ, ನಡು ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಡಾಕ್ಟರು ಬಂದರು. ಗೋಡೆ ನೋಡಲು ಬಂದಿದ್ದ ಅಪ್ಪನೂ ತಮ್ಮನೂ ಬಾಗಿಲ ಬಳಿ ನಿಂತರು. ಡಾಕ್ಟರು ಕನ್ನಡಕ ಏರಿಸಿ, ಇಳಿಸಿ, ಅಂಗೈಯಿಂದ ಉದ್ದಕ್ಕೂ ಸವರಿದರು. ಗೋಡೆ ಹಾಲಿನ ಕೆನೆಯ ಹಾಗೆ ಬೆಳಗುತ್ತಿತ್ತು.

"ಎಲ್ಲಿದೆಯಮ್ಮಾ ಜೋಡಣೆ?"

ಅವಳು ಹುಡುಕಿದಳು. ಮಾಡಿದವಳಿಗೇ ಸಿಗಲಿಲ್ಲ. ಎಡಚ ಮಾತ್ರ ನೇರ ಹೋಗಿ ಒಂದು ಕಡೆ ಅಂಗೈ ಇಟ್ಟ. ಡಾಕ್ಟರು ಬಗ್ಗಿ ನೋಡಿ, ಇಲ್ಲೇನೂ ಕಾಣುವುದಿಲ್ಲವಲ್ಲ ಎಂದರು.

"ಕಾಣಲ್ಲ ಡಾಕ್ಟ್ರೇ. ಇಲ್ಲಿ ಇವರು ನನ್ನ ಕೈ ಹಿಡ್ಕೊಂಡಿದ್ರು. ನಾನು ಹೇಗೆ ಮರೀಲಿ?"

ಅಪ್ಪ ಕೆಮ್ಮಿದರು. ತಮ್ಮ ಪಟ್ಟಿ ಕಟ್ಟಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡ. ಟೈಲ್ಸ್ ಮಾತು ಮರೆತುಬಿಡಿ ಎಂದು ಡಾಕ್ಟರು ನಕ್ಕರು. ಅವಳ ಗೋಡೆ ಗೆದ್ದಿತ್ತು. ಅವಳಿಗೆ ಅದಷ್ಟೇ ಸಾಲಲಿಲ್ಲ.

"ಮೊದ್ಲು ಗೋಡೆ ಮೇಲಿಂದ ಕೈ ತೆಗೀರಿ, ಕಲೆ ಆಗುತ್ತೆ," ಎಂದು ಅವನ ಎಡಗೈಯನ್ನು ತಾನೇ ತೆಗೆದಳು. ತೆಗೆದವಳು ಬಿಡಲಿಲ್ಲ. "ಅಪ್ಪಾ, ನಾನು ಇವರನ್ನ ಮದ್ವೆ ಆಗ್ತೀನಿ."

"ನಾನಿನ್ನೂ ಕೇಳೇ ಇಲ್ವಲ್ಲ," ಎಂದ ಎಡಚ.

"ಮತ್ತೆ ಕೇಳಿ. ಎಲ್ರೂ ಇಲ್ಲೇ ಇದ್ದಾರೆ."

ಅವನು ಕೇಳಿದ.